ಎಡಭುಜ ತಗ್ಗಿದ ಸಿದ್ಧ

ಗಾಜು ಒಡೆದಿರಲಿಲ್ಲ. ಬೀಗ ಮುರಿದಿರಲಿಲ್ಲ. ಆದರೂ ಬೆಳಿಗ್ಗೆ ಹತ್ತಕ್ಕೆ ವಸ್ತುಸಂಗ್ರಹಾಲಯದ ಕ್ಯುರೇಟರ್ ಮೇಡಂ ಪೊಲೀಸರಿಗೆ ಫೋನ್ ಮಾಡಿದರು.

ಗಾಜಿನ ಪೆಟ್ಟಿಗೆಯೊಳಗೆ ಗೇಣುದ್ದದ ಕಂಚಿನ ಫಲಕ. ನಡುವೆ, ನಿಂತ ಮನುಷ್ಯನ ಆಕಾರದ ತೂತು.

"ಮೂರ್ತೀನ ಕೊರ್ಕೊಂಡು ಹೋಗಿದ್ದಾರೆ ಸಾರ್!" ಎಂದ ಕಾನ್‌ಸ್ಟೆಬಲ್, ಇನ್ಸ್‌ಪೆಕ್ಟರ್ ಕಡೆ ತಿರುಗಿ.

"ಇಲ್ಲಪ್ಪ, ಅದು ಇರೋದೇ ಹಾಗೆ," ಎಂದರು ಕ್ಯುರೇಟರ್. "ಜೈನರ ಸಿದ್ಧಬಿಂಬ. ಮುಕ್ತರಾದವರಿಗೆ ದೇಹ ಇಲ್ಲ, ಕೊನೇ ದೇಹದ ಆಕಾರ ಮಾತ್ರ ಉಳಿಯುತ್ತೆ. ಅದಕ್ಕೇ ಮೂರ್ತಿಯ ಜಾಗದಲ್ಲಿ ಬಯಲು. ಕಳುವಾಗಿರೋದು ಇಡೀ ಫಲಕ. ಇದು ನಕಲಿ. ಅಸಲಿಯ ಹಿಂಬದಿಯಲ್ಲಿದ್ದ ಹಳೇ ಬಿರುಕೇ ಇದರಲ್ಲಿಲ್ಲ."

ಇನ್ಸ್‌ಪೆಕ್ಟರ್ ಅಸಲಿಯ ಫೋಟೊ ತರಿಸಿ ಪಕ್ಕಕ್ಕಿಟ್ಟು ನೋಡಿದರು. ಫೋಟೊದಲ್ಲಿ ಎರಡೂ ಭುಜ ಸಮ. ನಕಲಿಯಲ್ಲಿ ಎಡಭುಜ ತುಸು ತಗ್ಗಿತ್ತು.

*

ಬೀಗದ ಕೈ ಇದ್ದದ್ದು ಮೂವರ ಬಳಿ: ಕ್ಯುರೇಟರ್, ಕಾವಲುಗಾರ, ಲೋಹದ ವಸ್ತುಗಳನ್ನು ರಿಪೇರಿ ಮಾಡುವ ಮೇಸ್ತ್ರಿ. ಕಾವಲುಗಾರ ನಾಲ್ಕು ದಿನ ರಜೆ ಹಾಕಿದ್ದ.

"ಎಲ್ಲಿಗೆ ಹೋಗಿದ್ದೆ?"

"ಹಲ್ಲು ಕೀಳಿಸೋಕೆ." ಬಾಯಿ ಅಗಲಿಸಿ ತೋರಿಸಿದ. "ಇದನ್ನ ಕದಿಯೋ ತಲೆ ಇದ್ದಿದ್ರೆ ನಾನ್ಯಾಕೆ ಸ್ಟೂಲ್ ಮೇಲೆ ಕೂತಿರ್ತಿದ್ದೆ ಸಾರ್?"

ಆಸ್ಪತ್ರೆಯ ಚೀಟಿ ಸರಿಯಾಗಿತ್ತು.

*

ಮೇಸ್ತ್ರಿಯ ಕೋಣೆ ಹಿಂಭಾಗದಲ್ಲಿ. ಅರಗಳು, ಬ್ರಷ್ಷುಗಳು, ಪುಟ್ಟ ಕುಲುಮೆ. ಗೋಡೆಯ ಮೇಲೊಂದು ಫೋಟೊ. ಅದೇ ಕೋಣೆಯ ಬಾಗಿಲಲ್ಲಿ ಕೈ ಇಳಿಬಿಟ್ಟು ನಿಂತ ಹುಡುಗಿ.

ಇನ್ಸ್‌ಪೆಕ್ಟರ್ ಜೊತೆಗೆ ತಂದಿದ್ದ ನಕಲಿ ಫಲಕವನ್ನು ಫೋಟೊದ ಮುಂದೆ ಹಿಡಿದು ಒಂದು ಕಣ್ಣು ಮುಚ್ಚಿದರು. ಹುಡುಗಿ ಆ ಬಯಲನ್ನು ಅಂಚಿನಿಂದ ಅಂಚಿಗೆ ತುಂಬಿದಳು.

"ಮಗಳಾ?"

"ಹೂಂ. ಬೆನ್ನುಮೂಳೆ ಸೊಟ್ಟ. ಹೋದ ವರ್ಷ ಆಪರೇಷನ್ ಟೇಬಲ್ ಮೇಲೇ ಹೋಗ್ಬಿಟ್ಲು."

"ಮಾರೋಕೆ ಅಂತ ನಕಲಿ ಮಾಡೋನು ಭುಜ ತಪ್ಪಿಸಲ್ಲ ಮೇಸ್ತ್ರಿ. ಹಾಗೇ ತಪ್ಪೋ ಕೈಯೂ ನಿಮ್ಮದಲ್ಲ. ಬೇಕು ಅಂತಲೇ ತಗ್ಗಿಸಿದ್ದೀರಿ. ಅಸಲಿ ಎಲ್ಲಿ?"

ಮೇಸ್ತ್ರಿ ಮೇಜಿನ ಕೆಳಖಾನೆ ಎಳೆದರು. ಹತ್ತಿಬಟ್ಟೆಯಲ್ಲಿ ಸುತ್ತಿಟ್ಟ ಫಲಕ, ಬಿರುಕಿನ ಸಮೇತ.

"ತೊಳೆಯೋಕೆ ತಂದಾಗ ಬದಲಾಯಿಸ್ದೆ. ಕೊನೇ ದೇಹದ ಆಕಾರ ಉಳಿಯುತ್ತೆ ಅಂತ ಮೇಡಂ ಬಂದೋರಿಗೆಲ್ಲ ಹೇಳ್ತಿದ್ರಲ್ಲ. ಇವಳ ಆಕಾರ ಇದೇ."

"ಭುಜ ಸಮ ಮಾಡಿದ್ರೆ ಇದು ನಿಮ್ಮ ಕೆಲಸ ಅಂತ ಯಾರಿಗೂ ಗೊತ್ತಾಗ್ತಿರಲಿಲ್ಲವೇನೋ."

"ಸಮ ಮಾಡಿದ್ರೆ ಅವಳು ಹೇಗಾಗ್ತಾಳೆ ಸಾರ್? ಹನ್ನೊಂದು ದಿನ ಅಲ್ಲಿ ನಿಂತಿದ್ಲು. ಜನ ಕೈ ಮುಗಿದ್ರು."

ಬಾಗಿಲಲ್ಲಿ ನಿಂತಿದ್ದ ಕ್ಯುರೇಟರ್ ಮುಖ ತಿರುಗಿಸಿಕೊಂಡರು.

ಇನ್ಸ್‌ಪೆಕ್ಟರ್ ಪಂಚನಾಮೆ ಬರೆಯತೊಡಗಿದರು. ಕಂಚಿನ ಫಲಕ, ನಕಲಿ, ಒಂದು. ಫಲಕದಲ್ಲಿ ಮೂರ್ತಿ—

"ಇಲ್ಲ ಅಂತ ಬರೀಬೇಡಿ," ಎಂದರು ಮೇಸ್ತ್ರಿ.

ಇನ್ಸ್‌ಪೆಕ್ಟರ್ ಪೆನ್ನು ತಡೆದರು. ಆಮೇಲೆ ಬರೆದರು: ನಿಂತ ಹುಡುಗಿ. ಎಡಭುಜ ತಗ್ಗಿದೆ.