ಚಕ್ರಕ್ಕಿಟ್ಟ ನಿಂಬೆಹಣ್ಣು

“ತಗೊಂಡೋಗಿ ಲಕ್ಕಣ್ಣ, ರಿಪೇರಿ ಮಾಡ್ಕೊಳ್ಳಿ. ಪೂಜೆ ಮಾತ್ರ ಮಾಡ್ಬೇಡಿ,” ಎಂದ ದಾಸರಹಳ್ಳಿಯ ಹಳೇ ಯಂತ್ರಗಳ ವ್ಯಾಪಾರಿ ಅನ್ವರ್. “ಚಕ್ರದಡಿ ನಿಂಬೆಹಣ್ಣು ಇಟ್ರೆ ಇದು ಬಲಿ ಅನ್ಕೊಳ್ಳುತ್ತೆ. ಆಮೇಲೆ ಇನ್ನೂ ಕೇಳುತ್ತೆ.”

ಲಕ್ಕಣ್ಣ ನಕ್ಕುಬಿಟ್ಟ. ಅನ್ವರ್ ನಗಲಿಲ್ಲ. ಕೂತು ಓಡಿಸುವ ಈ ಹುಲ್ಲು ಕತ್ತರಿಸುವ ಯಂತ್ರ ಯಾವುದೋ ರೆಸಾರ್ಟಿಗೆ ಬಂದ ದಿನ, ಕುಡುಗೋಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹನ್ನೊಂದು ಹೆಂಗಸರ ಕೆಲಸ ಹೋಯಿತಂತೆ. ಅವರಲ್ಲೊಬ್ಬಳು ಇದಕ್ಕೆ ಮಾಟ ಮಾಡಿಸಿದಳಂತೆ. ಪೂಜೆ ಮಾಡಿ ಓಡಿಸಿದವರು ಇಬ್ಬರು. ಒಬ್ಬ ತಾನೇ ಸತ್ತ, ಇನ್ನೊಬ್ಬನ ಹೆಂಡತಿ ಸತ್ತಳಂತೆ. ಪೂಜೆ ಇಲ್ಲದೆ ಓಡಿಸಿದರೆ ತೆಪ್ಪಗಿರುತ್ತದಂತೆ. ಇಷ್ಟೆಲ್ಲ ಅಂತೆಕಂತೆ ಕೇಳುವ ತ್ರಾಣ ಲಕ್ಕಣ್ಣನಿಗಿರಲಿಲ್ಲ.

ಯಲಹಂಕದ ಸುತ್ತಲಿನ ವಿಲ್ಲಾಗಳ ಹುಲ್ಲು ಕತ್ತರಿಸುವುದೇ ಅವನಿಗೂ ಹೆಂಡತಿ ಗಂಗರತ್ನಮ್ಮನಿಗೂ ಬದುಕು. ಇಪ್ಪತ್ತು ವರ್ಷ ಇಬ್ಬರೂ ಸರದಿಯ ಮೇಲೆ ತಳ್ಳುವ ಯಂತ್ರ ತಳ್ಳಿದ್ದರು. ಅವಳ ಮಂಡಿ ಸವೆದುಹೋಗಿ, ಈಗ ಬಚ್ಚಲಿಗೂ ಗೋಡೆ ಹಿಡಿದೇ ಹೋಗುತ್ತಿದ್ದಳು. ಇನ್ನು ಅವಳು ತಳ್ಳಬಾರದು. ಅವನ ಆಸೆ ಅಷ್ಟೇ.

ಅಟ್ಟೂರಿನ ಮನೆ ಮುಂದೆ ಮೂರು ದಿನ ರಿಪೇರಿ ನಡೆಯಿತು. ಬ್ಲೇಡಿನಡಿ ಗಟ್ಟಿಯಾಗಿ ಅಂಟಿದ್ದ ಹಳೇ ಹುಲ್ಲು ಕೆರೆದಾಗ ಸುಟ್ಟ ಕೂದಲಿನ ವಾಸನೆ ಮೂಗಿಗೆ ಹೊಡೆಯಿತು. ಕಾರ್ಬೊರೇಟರ್ ತೊಳೆದ, ಬ್ಲೇಡು ಸಾಣೆ ಹಿಡಿಸಿದ, ಹೊಸ ಬೆಲ್ಟು ಹಾಕಿದ. ಬೆಲ್ಟಿನ ಮುಚ್ಚಳ ಎಲ್ಲೂ ಸಿಗಲಿಲ್ಲ, ಹಾಗೇ ಬಿಟ್ಟ.

ಶುಕ್ರವಾರ ಬೆಳಿಗ್ಗೆ ಅರಿಶಿನ ಕುಂಕುಮ ಹಚ್ಚಿ, ಮುಂದಿನ ಚಕ್ರಗಳಡಿ ಎರಡು ನಿಂಬೆಹಣ್ಣಿಟ್ಟ. ಮಾಟ ನಂಬದ ಮಹಾಶಯ! ಆದರೆ ನಿಂಬೆಹಣ್ಣಿಡದೆ ಗಾಡಿ ಹೊರಡಿಸುವುದು ಅವನಿಗೆ ಗೊತ್ತೇ ಇಲ್ಲ, ಸೈಕಲ್ಲಿಗೂ ಇಟ್ಟವನು. ಹಣ್ಣು ಫಟ್ಟೆಂದು ಒಡೆಯಿತು. ಎಂಜಿನ್ ಒಂದು ಕ್ಷಣ ಉಸಿರು ಕಟ್ಟಿ, ಮತ್ತೆ ಗುರುಗುಟ್ಟಿತು.

ವಿಲ್ಲಾದ ಲಾನಿನಲ್ಲಿ ಮೊದಲ ಸುತ್ತು ಸೊಗಸಾಗಿ ಹೋಯಿತು. ಅಬ್ಬಾ, ಕೂತು ಮಾಡುವ ಕೆಲಸದ ಸುಖವೇ ಸುಖ ಅನ್ನಿಸಿತು. ಗಂಗರತ್ನಮ್ಮ ಆ ತುದಿಯಲ್ಲಿ ಬೆನ್ನು ಹಾಕಿ ಕೂತು ಕಳೆ ಕೀಳುತ್ತಿದ್ದಳು.

ಎರಡನೇ ಸುತ್ತಿಗೆ ಮತ್ತೆ ಆ ಸುಟ್ಟ ಕೂದಲಿನ ವಾಸನೆ. ಸ್ಟಿಯರಿಂಗ್ ತಾನಾಗಿ ತಿರುಗಿತು. ಅವಳ ಕಡೆಗೆ. ಬ್ರೇಕ್ ಒತ್ತಲು ಹೋದ. ಕಾಲು ಅಲುಗಲಿಲ್ಲ. ಕೀಲಿ ಕಿತ್ತ. ಎಂಜಿನ್ ನಿಲ್ಲಲಿಲ್ಲ. “ರತ್ನಾ, ಏಳೇ!” ಆ ಸದ್ದಿನಲ್ಲಿ ಅವಳಿಗೆ ಕೇಳಲಿಲ್ಲ. ಕೇಳಿದ್ದರೂ ಆ ಮಂಡಿಯಲ್ಲಿ ಎದ್ದಾಳೆಯೇ? ಹತ್ತು ಅಡಿ. ಐದು ಅಡಿ. ಅವಳ ಸೆರಗು ಹುಲ್ಲಿನ ಮೇಲೆ ಬಿದ್ದಿತ್ತು. ಚಕ್ರ ಅದನ್ನು ಮುಟ್ಟಿತು. ಇದಕ್ಕೆ ಬೇಕಾದದ್ದು ಕೊಡದೆ ಇದು ನಿಲ್ಲುವುದಿಲ್ಲ ಅಂತ ಅವನಿಗೆ ಆಗ ಗೊತ್ತಾಯಿತು. ಬಗ್ಗಿದ. ಬಲಗೈಯನ್ನು ಬೆಲ್ಟಿಗೆ ಕೊಟ್ಟ.

ಯಂತ್ರ ನಿಂತಿತು.

ಮಣಿಕಟ್ಟಿನವರೆಗೆ ಕೈ ಹೋಯಿತು. ಅನ್ವರ್ ಯಂತ್ರವನ್ನು ಟೆಂಪೋದಲ್ಲಿ ವಾಪಸು ಒಯ್ದ. ಹುಲ್ಲು ಮಾತ್ರ ಬೆಳೆಯುವುದನ್ನು ನಿಲ್ಲಿಸಲಿಲ್ಲ. ಈಗ ಗಂಗರತ್ನಮ್ಮ ಮಂಡಿಗೆ ಬಟ್ಟೆ ಬಿಗಿದುಕೊಂಡು ಆ ಹಳೇ ತಳ್ಳುವ ಯಂತ್ರವನ್ನು ಒಬ್ಬಳೇ ತಳ್ಳುತ್ತಾಳೆ, ಇಬ್ಬರ ಪಾಲಿನದೂ. ಲಕ್ಕಣ್ಣ ಕಾಂಪೌಂಡಿನ ನೆರಳಲ್ಲಿ ಕೂತು ನೋಡುತ್ತಾನೆ. ಒಂದೊಂದು ಸಲ ತಡೆಯಲಾರದೆ ಎದ್ದು, ಎಡಗೈಯಿಂದ ಹಿಡಿಕೆ ಹಿಡಿಯಲು ಹೋಗುತ್ತಾನೆ.

“ಇನ್ನೆರಡೇ ಸುತ್ತು ಕಣ್ರೀ,” ಅನ್ನುತ್ತಾಳೆ ಅವಳು. “ನೀವು ಕೂತ್ಕೊಳ್ಳಿ.”