ರೆಕ್ಕೆ ಕೊಯ್ದವರು ಯಾರು?

ಹೊಸ ವಿಮಾನ ಮೊದಲ ಬಾರಿಗೆ ಹಾರಬೇಕಿದ್ದ ಬೆಳಿಗ್ಗೆ, ಅದರ ಎಡರೆಕ್ಕೆಯ ಉಕ್ಕಿನ ತೊಲೆಯನ್ನು ಯಾರೋ ಗರಗಸದಿಂದ ಅರ್ಧ ಕೊಯ್ದಿದ್ದು ಬಯಲಾಯಿತು. ಇಂಗ್ಲೆಂಡಿನ ಹ್ಯಾಂಪ್‌ಶೈರಿನ ಆ ವಿಮಾನ ಕಾರ್ಖಾನೆಯಲ್ಲಿ ಎಲ್ಲರೂ ಬೆರಳು ತೋರಿಸಿದ್ದು ಪೈಲಟ್ ಡರ್ಮಟ್ ಫೇನ್ ಕಡೆಗೆ. ಹಿಂದಿನ ದಿನವಷ್ಟೇ ಅವನು ನಿರ್ದೇಶಕ ಕ್ರಾಸ್‌ಲಿಯ ಜೊತೆ ಕೂಗಾಡಿ ಜಗಳವಾಡಿದ್ದ.

ಕಾರ್ಖಾನೆಯ ನರ್ಸ್ ಎನಿಡ್‌ಗೆ ನಂಬಿಕೆ ಬರಲಿಲ್ಲ. ತನ್ನ ಮನೆಯಲ್ಲೇ ಬಾಡಿಗೆಗಿದ್ದ ಮಿಸ್ ಥರ್ಲೋಳನ್ನು ಕರೆತಂದಳು. ಸುತ್ತಲಿನ ಎಷ್ಟೋ ಒಗಟುಗಳನ್ನು ಬಿಡಿಸಿದ್ದ ಮುದುಕಿ ಅವಳು. ತೊಲೆಯನ್ನು ನೋಡಿ, ಒಂದು ಕಪ್ ಚಹಾ ಕುಡಿದು, ಎಲ್ಲರನ್ನೂ ರೆಕ್ಕೆಯ ಕೆಳಗೆ ಸೇರಿಸಿದಳು.

"ಕೊಲ್ಲೋನು ಗಾಯ ಮುಚ್ಚಿಡ್ತಾನೆ. ಇಲ್ಲಿ ಕೊಯ್ದಿರೋದು ಮೆಕ್ಯಾನಿಕ್‌ಗಳು ಹಾರಾಟಕ್ಕೆ ಮುಂಚೆ ತೆಗೆದು ನೋಡೋ ಮುಚ್ಚಳದ ಪಕ್ಕದಲ್ಲೇ. ಕಣ್ಣಿಗೆ ಬೀಳಲೇಬೇಕು ಅಂತ! ಇದು ಸಾಯಿಸೋಕಲ್ಲ, ತಡೆಯೋಕೆ. ಎನಿಡ್, ಇವತ್ತು ಯಾರಿಗೆ ಪಟ್ಟಿ ಕಟ್ಟಿದೆ?"

ಎನಿಡ್‌ಗೆ ಬೆಳಗಿನ ಗಾಯ ನೆನಪಾಯಿತು. ಗುಲಾಬಿ ಮುಳ್ಳು ಗೀರಿತೆಂದು ಬಂದಿದ್ದವನ ಅಂಗೈಯಿಂದ ಅವಳು ತೆಗೆದದ್ದು ಮಿನುಗುವ ಉಕ್ಕಿನ ಚೂರು. ಬಾಯಿ ಬಿಡದಿದ್ದರೆ ಫೇನ್ ಜೈಲಿಗೆ.

"ಮಿಸ್ಟರ್ ಹ್ಯಾಡೋಗೆ," ಎಂದಳು.

ವಿಮಾನದ ವಿನ್ಯಾಸಕಾರನೇ! ಬಟ್ಟೆಯ ರೆಕ್ಕೆಗಳ ಕಾಲದಿಂದಲೂ ಅಲ್ಲಿ ದುಡಿದವನು. ಯುದ್ಧದಲ್ಲಿ ಎಷ್ಟೋ ಹುಡುಗರನ್ನು ಜೀವಂತ ಮನೆಗೆ ತಂದದ್ದು ಅವನು ಕಟ್ಟಿದ ವಿಮಾನಗಳು.

"ಹೌದು, ನಾನೇ," ಎಂದ ಹ್ಯಾಡೋ. "ವೇಗ ಏರಿದ್ರೆ ಬಾಲ ನಡುಗಿ ಕಿತ್ತುಹೋಗುತ್ತೆ. ಬಾಯಿ ನೋಯೋವಷ್ಟು ಹೇಳಿದೆ. ಯಾರು ಕೇಳಿದ್ರು? ಫೇನ್, ನಿನ್ನ ತಲೆಗೆ ಬರುತ್ತೆ ಅಂದ್ಕೊಂಡಿರ್ಲಿಲ್ಲ ಕಣಪ್ಪ."

"ಅರಳುಮರಳು!" ಕ್ರಾಸ್‌ಲಿ ಗುಡುಗಿದ. "ಇನ್ನು ಈ ಗೇಟೊಳಗೆ ಕಾಲಿಟ್ಟೀಯ, ಜೋಕೆ!"

"ತಡೀರಿ, ಬಾಲ ಒಂದ್ಸಲ ಪರೀಕ್ಷೆ ಮಾಡ್ಸಿ," ಎಂದಳು ಮಿಸ್ ಥರ್ಲೋ.

"ಅಜ್ಜಿ, ಕೊಯ್ದೋನ್ನ ಹಿಡಿದ್ರಲ್ಲ, ಸಾಕು. ವಿಮಾನ ನಮಗೆ ಬಿಡಿ," ಎಂದ ಕ್ರಾಸ್‌ಲಿ.

ಫೇನ್ ಹ್ಯಾಡೋನ ಮುಖ ನೋಡಲಿಲ್ಲ. "ನನ್ನ ಮೇಲೆ ಅಪವಾದ ಬರೋ ಹಾಗೆ ಮಾಡಿದ್ರಿ," ಎಂದು ಕ್ರಾಸ್‌ಲಿ ಕಡೆ ತಿರುಗಿದ. "ಹೊಸ ತೊಲೆ ಹಾಕ್ಸಿ, ನಾನೇ ಹಾರಿಸ್ತೀನಿ," ಎಂದ.

ವಸಂತದಲ್ಲಿ ಹೊಸ ತೊಲೆ ಬಂತು. ಹಾರಾಟದ ದಿನ, ಆಗಲೇ ಕೆಲಸ ಕಳೆದುಕೊಂಡಿದ್ದ ಹ್ಯಾಡೋ ಬೇಲಿಯಾಚೆ ನಿಂತಿದ್ದ. ಎನಿಡ್ ಔಷಧಿ ಚೀಲ ಹಿಡಿದು ಅವನ ಬಳಿ ಹೋದಳು.

ವಿಮಾನ ನೆಲ ಬಿಟ್ಟಿತು. "ಎಷ್ಟು ಚೆಂದ ಏಳ್ತು ನೋಡಮ್ಮ," ಎಂದ ಹ್ಯಾಡೋ, ತಡೆಯಲಾರದ ಹೆಮ್ಮೆಯಿಂದ.

ಅದು ಮೋಡದಂಚಿನಲ್ಲಿ ತಿರುಗಿ ವೇಗವಾಗಿ ಇಳಿಯಿತು. ಬಾಲದಿಂದ ಏನೋ ಬೆಳ್ಳಗೆ ಕಳಚಿಕೊಂಡಿತು. ಹ್ಯಾಡೋ ಟೋಪಿ ತೆಗೆದ. ಎನಿಡ್ ವಿಮಾನ ಬೀಳುತ್ತಿದ್ದ ಹೊಲಗಳ ಕಡೆಗೆ ಓಡಿದಳು, ಚೀಲದಲ್ಲಿರುವುದು ಯಾವುದೂ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲವೆಂದು ಗೊತ್ತಿದ್ದರೂ.