ಕಾಲು ಅಲೆಯ ಪೈಪು

“ಇಪ್ಪತ್ತು ಸೆಂಟಿಮೀಟರ್. ಕೂದಲೆಳೆ ಹೆಚ್ಚೂ ಬೇಡ, ಕಡಿಮೆನೂ ಬೇಡ” ಎಂದು ಚೂಟಿ ಮೊದಲೇ ಹೇಳಿದ್ದಳು. ಈಗ ಮಾವ ಕುಯ್ದುಕೊಟ್ಟ ಪೈಪನ್ನು ಊದಿದರೆ ಅದು ನೆಗಡಿಯಾದ ಕರುವಿನ ಹಾಗೆ ಒದರಿತು.

ಶಾಲೆಯ ಪೈಪ್ ಬ್ಯಾಂಡಿನಲ್ಲಿ ಎಂಟು ಮಕ್ಕಳು, ಒಬ್ಬೊಬ್ಬರಿಗೂ ಒಂದೊಂದೇ ಸ್ವರ. ಚೂಟಿಯ ಪೈಪು ನಿನ್ನೆ ಯಾರದೋ ಕಾಲಡಿ ಸಿಕ್ಕಿ ಸೀಳಿತ್ತು. ನಾಳೆ ಬೆಳಿಗ್ಗೆ ಹೊಸದು ತರದಿದ್ದರೆ ಅವಳು ಚಪ್ಪಾಳೆ ತಟ್ಟುವ ಗುಂಪಿಗೆ ಎಂದು ಮ್ಯೂಸಿಕ್ ಟೀಚರ್ ಹೇಳಿಬಿಟ್ಟಿದ್ದರು.

“ಲೆಕ್ಕ ತಪ್ಪಿರ್ಬೇಕು ಕಣೇ” ಎಂದ ಮಾವ. ಅವನು ಪ್ಲಂಬರ್. ಬೀದಿಯ ಎಷ್ಟೋ ನಲ್ಲಿಗಳ ಬಾಯಿ ಮುಚ್ಚಿಸಿದವನು.

“ಲೆಕ್ಕ ಸರಿ ಇದೆ ಮಾವ. ಶಬ್ದ ಸೆಕೆಂಡಿಗೆ ಮುನ್ನೂರ ನಲವತ್ತು ಮೀಟರ್ ಓಡುತ್ತೆ. ನನ್ನ ಸ್ವರದಲ್ಲಿ ಸೆಕೆಂಡಿಗೆ ನಾನೂರ ಇಪ್ಪತ್ತೈದು ಅಲೆ. ಓಡಿದ ದೂರನ ಅಲೆಗಳಿಗೆ ಹಂಚಿದ್ರೆ ಒಂದೊಂದಕ್ಕೂ ಎಂಬತ್ತು ಸೆಂಟಿಮೀಟರ್. ಒಂದು ಕಡೆ ಮುಚ್ಚಿರೋ ಪೈಪಲ್ಲಿ ಅದರ ಕಾಲುಭಾಗ ಹಿಡಿಸಿದ್ರೆ ಸಾಕು. ಇಪ್ಪತ್ತು.”

“ಬಾಯಿಪಾಠ ಜೋರಾಗಿದೆ. ಪೈಪಿಗೂ ಕೇಳಿಸ್ಬೇಕಲ್ಲ.”

ಚೂಟಿ ಅಮ್ಮನ ಫೋನನ್ನು ಮುಂದಿಟ್ಟು ಮತ್ತೆ ಊದಿದಳು. ಸ್ವರ ಅಳೆಯುವ ಆ್ಯಪ್ ಮುನ್ನೂರ ಎಪ್ಪತ್ತೆಂಟು ಎಂದು ತೋರಿಸಿತು. ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೇ ಭಾಗಿಸಿದಳು. ಅಲೆಯ ಉದ್ದ ಹೆಚ್ಚುಕಡಿಮೆ ತೊಂಬತ್ತು. ಅದರ ಕಾಲುಭಾಗ ಇಪ್ಪತ್ತೆರಡೂವರೆ.

“ಮಾವ, ನೀನು ಒಂದಿಂಚು ಜಾಸ್ತಿ ಇಟ್ಟು ಕುಯ್ದಿದೀಯ.”

“ಅಳತೆ ಹಿಡೀದೆ ಹೇಗೆ ಹೇಳ್ತೀಯ?”

“ಊದಿ ಹೇಳ್ದೆ.”

ಮಾವ ಟೇಪು ಹಿಡಿದ. ಇಪ್ಪತ್ತೆರಡೂವರೆ. ಟೇಪನ್ನು ತಿರುಗಿಸಿ ಇನ್ನೊಮ್ಮೆ ಹಿಡಿದ. ಆಮೇಲೆ ತಲೆ ಕೆರೆದುಕೊಂಡ.

“ಜಾಯಿಂಟ್ ಒಳಗೆ ಹೋಗೋಕೆ ಅಂತ ಒಂದಿಂಚು ಬಿಡೋದು ಅಭ್ಯಾಸ. ಕೈ ತಾನಾಗೇ ಬಿಟ್ಟಿದೆ.”

“ಇದಕ್ಕೆ ಯಾವ ಜಾಯಿಂಟು? ನನ್ನ ಬಾಯಾ?”

“ನಿನ್ನ ಬಾಯಿಗೆ ಹೊಂದೋ ಜಾಯಿಂಟು ಯಾವ ಅಂಗಡೀಲೂ ಸಿಗಲ್ಲ. ತಗೋ, ನೀನೇ ಕುಯ್ಯಿ” ಎಂದು ಗರಗಸವನ್ನು ಅವಳ ಕೈಗೇ ಕೊಟ್ಟ.

ಇದ್ದದ್ದು ಅದೊಂದೇ ತುಂಡು. ಅಂಗಡಿ ಮುಚ್ಚಿಯಾಗಿತ್ತು. ಚೂಟಿ ಸರಿಯಾಗಿ ಇಪ್ಪತ್ತಕ್ಕೆ ಗೆರೆ ಎಳೆದು ಬ್ಲೇಡನ್ನು ಅದರ ಮೇಲಿಟ್ಟಳು. ಆಗ ಬ್ಲೇಡಿನ ದಪ್ಪ ಕಣ್ಣಿಗೆ ಬಿತ್ತು. ಅದೂ ಒಂದಿಷ್ಟು ತಿನ್ನುತ್ತದೆ. ತಿಂದದ್ದನ್ನು ಯಾವ ಲೆಕ್ಕವೂ ಕಕ್ಕಿಸಲಾರದು.

ಮಾವನ ಕಡೆ ನೋಡದೆ ಅವಳು ಬ್ಲೇಡನ್ನು ಗೆರೆಯಿಂದ ಚೂರು ಆಚೆಗೆ, ಉದ್ದ ಉಳಿಯುವ ಕಡೆಗೆ ಸರಿಸಿದಳು.

ಕುಯ್ದು ಊದಿದಳು. ಸ್ವರ ಇನ್ನೂ ಸ್ವಲ್ಪ ಕೆಳಗಿತ್ತು. ಮರಳುಕಾಗದದಲ್ಲಿ ಉಜ್ಜಿದಳು, ಊದಿದಳು, ಮತ್ತೆ ಉಜ್ಜಿದಳು. ಐದನೆಯ ಸಲಕ್ಕೆ ಫೋನು ನಾನೂರ ಇಪ್ಪತ್ತೈದು ಎಂದಿತು.

“ಎಷ್ಟು ಜಾಸ್ತಿ ಬಿಟ್ಟಿದ್ದೆ?” ಮಾವ ಮೆಲ್ಲಗೆ ಕೇಳಿದ.

ಚೂಟಿ ಪೈಪಿನ ತುದಿಯ ಪುಡಿ ಒರೆಸಿದಳು.

“ನಿನ್ನಷ್ಟಲ್ಲ” ಎಂದಳು.